ಕಾಣದ ಬೇನೆಗೆ ಸಾಕ್ಷಿ ಯಾರು?



ಕಣ್ಣಿಗೆ ಬಿದ್ದುದೆಲ್ಲವೂ ಸತ್ಯವಲ್ಲ, ಬೀಳದುದೆಲ್ಲವೂ ಮಿಥ್ಯೆಯಲ್ಲ ಎಂಬುದು ಶಾಸ್ತ್ರ ಬಲ್ಲವರಿಗೂ ಲೋಕಾನುಭವವುಳ್ಳವರಿಗೂ ಸಮಾನವಾಗಿ ತಿಳಿದ ಮಾತು. ತಿಳಿದ ಮಾತಾದರೂ ನಡೆಯಲ್ಲಿ ಅದು ನಿಲ್ಲುವುದು ಅಪರೂಪ. ಊರುಗೋಲು ಹಿಡಿದವನನ್ನು ಕಂಡೊಡನೆ ದಾರಿ ಬಿಡುವ ನಾವು, ಕಾಲು ಗಟ್ಟಿಯಾಗಿದ್ದೂ ಜನರ ನಡುವೆ ನಾಲ್ಕು ಹೆಜ್ಜೆ ಇಡಲಾರದವನು ಅದೇ ದಾರಿಯನ್ನು ಕೇಳಿದರೆ ತಡೆದು ನಿಲ್ಲಿಸಿ ಪ್ರಶ್ನಿಸುತ್ತೇವೆ. ಹೀಗೆ ಪ್ರಶ್ನಿಸುವ ಅಧಿಕಾರ ನಮಗುಂಟೆ? ಉಂಟೆಂದರೆ ಅದರ ಮೇರೆ ಯಾವುದು? ಇಲ್ಲವೆಂದರೆ ಸುಳ್ಳುಗಾರರನ್ನು ತಡೆಯುವವರು ಯಾರು? ಈ ಪ್ರಶ್ನೆಗಳನ್ನು ನಿಮ್ಮ ಮುಂದಿಟ್ಟು ವಿಚಾರ ಮಾಡಬೇಕೆಂದಿದ್ದೇವೆ.

ವಿಷಯವನ್ನು ಬರಿಯ ತತ್ತ್ವವಾಗಿ ಬಿಡದೆ ನಮ್ಮ ನೆಲಕ್ಕೆ ಇಳಿಸಿ ನೋಡೋಣ. ಸಿಂಧನೂರು ತಾಲೂಕಿನ ಮುಕ್ಕುಂದದಂಥ ಒಂದು ಊರಿನ ಗೃಹಸ್ಥನೊಬ್ಬನನ್ನು ಕಲ್ಪಿಸಿಕೊಳ್ಳಿರಿ. ವಯಸ್ಸು ಮೂವತ್ತೈದರ ಸುಮಾರು. ಭತ್ತದ ಗದ್ದೆಯಲ್ಲಿ ದಿನವಿಡೀ ದುಡಿಯಬಲ್ಲ ಮೈಕಟ್ಟು. ಆದರೆ ಜನಸಂದಣಿಯಲ್ಲಿ ಸಿಕ್ಕಿದೊಡನೆ ಅವನ ಎದೆ ಹೊಡೆದುಕೊಳ್ಳುತ್ತದೆ, ಉಸಿರು ಕಟ್ಟುತ್ತದೆ, ಅಂಗೈ ಬೆವರುತ್ತದೆ, ಈ ಕ್ಷಣವೇ ಪ್ರಾಣ ಹೋಯಿತೆಂಬ ಭಯ ಆವರಿಸುತ್ತದೆ. ಹೃದಯವನ್ನು ಪರೀಕ್ಷಿಸಿದ ವೈದ್ಯರಿಗೆ ಅಲ್ಲಿ ದೋಷವೇನೂ ಕಾಣದು. ಮನೋವೈದ್ಯರು ಇದನ್ನು ತೀವ್ರವಾದ ಆತಂಕದ ಕಾಯಿಲೆ ಎನ್ನುವರು. ನೆರೆಹೊರೆಯವರು ಅಂಜುಬುರುಕತನ ಎನ್ನುವರು. ಇಂಥವನಿಗೆ ಮಠದ ಜಾತ್ರೆಗೆ ಹೋಗಿ ಕರ್ತೃಗದ್ದುಗೆಗೆ ಕಾಯಿ ಒಡೆಸಬೇಕೆಂಬ ಹಂಬಲ.

ಜಾತ್ರೆಯ ದಿನ ಟ್ರ್ಯಾಕ್ಟರು, ಟಂಟಂ, ಕ್ರೂಸರುಗಳನ್ನೆಲ್ಲ ಊರ ಹೊರಗಿನ ಹೊಲದಲ್ಲಿ ನಿಲ್ಲಿಸಿ ಜನರು ಒಂದು ಮೈಲಿ ನಡೆದು ಬರುವುದು ಎಲ್ಲ ಕಡೆಯ ವಾಡಿಕೆ. ವೃದ್ಧರ ಮತ್ತು ನಡೆಯಲಾರದವರ ವಾಹನಗಳನ್ನು ಮಾತ್ರ ಮಹಾದ್ವಾರದವರೆಗೆ ಬಿಡುವರು. ಅವನ ತಮ್ಮನು ಅಣ್ಣನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಆ ದಾರಿಗೆ ಬರುತ್ತಾನೆ. ಸ್ವಯಂಸೇವಕನು ಕೋಲು ಅಡ್ಡ ಹಿಡಿಯುತ್ತಾನೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಏನಪಾ ತಮ್ಮ, ಕೈಕಾಲು ಗಟ್ಟಿ ಅದಾವಲ್ಲ, ನಡಕೊಂತ ಬರಾಕ ಏನಾಗೈತಿ?" ಎಂದು ಹತ್ತು ಜನ ಕೇಳುವಂತೆ ಕೇಳುತ್ತಾರೆ. ಹತ್ತು ಜನ ನಗುತ್ತಾರೆ. ತನಗೇನಾಗಿದೆ ಎಂಬುದನ್ನು ಆ ಹತ್ತು ಜನರ ನಡುವೆ ಹೇಳಲಾರದೆ ಅವನು ಬೈಕನ್ನು ಹಿಂದಕ್ಕೆ ತಿರುಗಿಸುವಂತೆ ತಮ್ಮನಿಗೆ ಹೇಳುತ್ತಾನೆ. ಮರುವರ್ಷ ಅವನು ಬರುವುದಿಲ್ಲ. ಅವನು ಬಾರದುದನ್ನು ಯಾರೂ ಗಮನಿಸುವುದಿಲ್ಲ. ಕಾಣದ ಬೇನೆಯ ಸ್ವಭಾವವೇ ಹೀಗೆ. ಅದು ಮನುಷ್ಯನನ್ನು ಸದ್ದಿಲ್ಲದೆ ಸಮಾಜದಿಂದ ಹೊರಗೆ ಹಾಕುತ್ತದೆ.

ಈ ಪ್ರಶ್ನೆ ನಮ್ಮ ಜಾತ್ರೆಗಷ್ಟೇ ಸಂಬಂಧಿಸಿದುದಲ್ಲ. ಇಂಗ್ಲೆಂಡಿನಲ್ಲಿ ಅಂಗವಿಕಲರ ವಾಹನಗಳನ್ನು ಅಂಗಡಿ, ಆಸ್ಪತ್ರೆಗಳ ಬಾಗಿಲ ಸಮೀಪ ನಿಲ್ಲಿಸಲು ಪರವಾನಿಗೆಯ ಬಿಲ್ಲೆಯೊಂದನ್ನು ಕೊಡುವ ಪದ್ಧತಿಯಿದೆ. 1970ರ ಕಾಯಿದೆಯೊಂದರಿಂದ ಹುಟ್ಟಿದ ಈ ಬಿಲ್ಲೆ ಮೊದಲು ಕಿತ್ತಳೆ ಬಣ್ಣದ್ದಾಗಿದ್ದು, 2000ದಲ್ಲಿ ನೀಲಿಯಾಯಿತು. ಬಹುಕಾಲ ಅದು ನಡೆಯಲಾರದವರಿಗೇ ಮೀಸಲು ಎಂಬಂತಿತ್ತು. 2019ರ ಆಗಸ್ಟ್ 30ರಿಂದ ಅಲ್ಲಿಯ ಸರಕಾರ ಆ ನಿಯಮವನ್ನು ವಿಸ್ತರಿಸಿ, ಮೈಯಲ್ಲಿ ಕಾಣದ ವೈಕಲ್ಯವುಳ್ಳವರಿಗೂ ಬಿಲ್ಲೆ ದೊರೆಯುವಂತೆ ಮಾಡಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆತಂಕ ಎಂಬ ರೋಗದ ಹೆಸರು ಚೀಟಿಯಲ್ಲಿದ್ದ ಮಾತ್ರಕ್ಕೆ ಬಿಲ್ಲೆ ಸಿಗದು. ವಾಹನದಿಂದ ಇಳಿದು ಹೋಗಬೇಕಾದ ಎಡೆಗೆ ಹೋಗುವಷ್ಟರಲ್ಲಿ ಆ ವ್ಯಕ್ತಿಗೆ ಅತಿಶಯವಾದ ಮನೋವೇದನೆಯಾಗುವುದೇ, ಅವನಿಗಾಗಲಿ ಇತರರಿಗಾಗಲಿ ಅಪಾಯವಾಗುವುದೇ ಎಂಬುದನ್ನು ವಿಚಾರಿಸುವರು. ರೋಗದ ಹೆಸರನ್ನು ಬಿಟ್ಟು ಬದುಕಿನ ಅಡ್ಡಿಯನ್ನು ಅಳೆಯುವುದು ಈ ನಿಯಮದ ಹುರುಳು.

ನಮ್ಮ ದೇಶದ ಕಾಯಿದೆಯೂ ಇದಕ್ಕಿಂತ ದೂರದಲ್ಲಿಲ್ಲ. 1995ರ ಅಂಗವಿಕಲರ ಕಾಯಿದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದುವು. ಮಾನಸಿಕ ಅಸ್ವಾಸ್ಥ್ಯ ಅವುಗಳಲ್ಲಿ ಒಂದಾಗಿತ್ತು. 2016ರಲ್ಲಿ ರಚಿತವಾಗಿ 2017ರ ಏಪ್ರಿಲ್ 19ರಿಂದ ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಆ ಸಂಖ್ಯೆ 21ಕ್ಕೆ ಏರಿತು. ಮಾನಸಿಕ ಅಸ್ವಾಸ್ಥ್ಯದ ಜೊತೆಗೆ ಕುಡಗೋಲು ಕಣದ ರಕ್ತರೋಗ, ಥಲಸ್ಸೇಮಿಯ, ಹಿಮೋಫಿಲಿಯದಂಥ, ಬೀದಿಯಲ್ಲಿ ಎದುರಾದವರಿಗೆ ಕಾಣದ ಹಲವು ಬೇನೆಗಳು ಅದರಲ್ಲಿ ಸೇರಿವೆ. ಬದುಕಿನ ಸಾಮಾನ್ಯ ಬೇಡಿಕೆಗಳನ್ನು ಪೂರೈಸಲಾಗದಷ್ಟು ಮನಸ್ಸನ್ನು ಕೆಡಿಸುವ ಗಂಭೀರ ವ್ಯಾಧಿ ಎಂಬ ಅರ್ಥದ ವಿವರಣೆ ಮಾನಸಿಕ ಅಸ್ವಾಸ್ಥ್ಯಕ್ಕಿದೆ. ಪರೀಕ್ಷೆಯ ಮುಂದಿನ ಅಂಜಿಕೆ, ಸಾಲದ ಚಿಂತೆ ಇದರಲ್ಲಿ ಬರುವುದಿಲ್ಲ; ವರುಷಗಟ್ಟಲೆ ಮನುಷ್ಯನನ್ನು ಮನೆಯೊಳಗೆ ಕಟ್ಟಿಹಾಕಿದ ಆತಂಕ ಬರಬಹುದು. ಭಾರತೀಯ ಮನೋವೈದ್ಯರ ಸಂಘ ರೂಪಿಸಿದ ಅಳತೆಯೊಂದಿದೆ. ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ತಿಳಿವಳಿಕೆ, ದುಡಿಮೆ ಎಂಬ ನಾಲ್ಕು ಬಗೆಯಲ್ಲಿ ರೋಗಿಗೆ ಎಷ್ಟು ಅಡ್ಡಿಯಾಗಿದೆ, ರೋಗ ಎಷ್ಟು ವರ್ಷಗಳದು ಎಂಬುದನ್ನು ಅದರಿಂದ ಲೆಕ್ಕ ಹಾಕುವರು. ಶೇಕಡಾ 40 ಮತ್ತು ಅದಕ್ಕೆ ಮೇಲ್ಪಟ್ಟ ವೈಕಲ್ಯಕ್ಕೆ ವಿಶೇಷ ಸೌಲಭ್ಯಗಳುಂಟು. ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ವಿಕಲಚೇತನರಿಗೆ ವಾಹನ ನಿಲುಗಡೆಯ ಅನುಕೂಲವಿರಬೇಕೆಂದು ಇದೇ ಕಾಯಿದೆಯ 41ನೆಯ ಕಲಮು ಹೇಳುತ್ತದೆ. ಆದರೆ ಕಾಯಿದೆ ಬಾಗಿಲು ತೆರೆದರೂ ಬಾಗಿಲಲ್ಲಿ ನಿಂತ ಜನರ ಕಣ್ಣು ಮುಚ್ಚಿದ್ದರೆ ಒಳಗೆ ಹೋಗುವ ಬಗೆಯೆಂತು?

ಆ ಕಣ್ಣು ಎಷ್ಟು ಮುಚ್ಚಿದೆ ಎಂಬುದಕ್ಕೆ ಎರಡು ಅಂಕಿಗಳನ್ನು ನೋಡಿರಿ. 2011ರ ಜನಗಣತಿಯಲ್ಲಿ 121 ಕೋಟಿ ಜನರ ನಡುವೆ ಮಾನಸಿಕ ಅಸ್ವಾಸ್ಥ್ಯದಿಂದ ವಿಕಲರೆಂದು ಬರೆಸಿಕೊಂಡವರು ಸುಮಾರು 7.2 ಲಕ್ಷ ಮಾತ್ರ. 2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಜನರಿಗೆ ಯಾವುದಾದರೊಂದು ಮನೋವ್ಯಾಧಿ ಇರುವುದು ಕಂಡುಬಂದಿತು. ಬೇರೆ ಬೇರೆ ವ್ಯಾಧಿಗಳಲ್ಲಿ ಶೇಕಡಾ 70ರಿಂದ 92ರಷ್ಟು ರೋಗಿಗಳಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ವ್ಯಾಧಿ ಬೇರೆ, ವೈಕಲ್ಯ ಬೇರೆ. ಎರಡು ಲೆಕ್ಕಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಲಾಗದು. ಆದರೂ ಈ ಎರಡರ ನಡುವಣ ಅಂತರದಲ್ಲಿ ಎಷ್ಟೋ ಮನೆಗಳು ಬಾಗಿಲು ಹಾಕಿಕೊಂಡು ಕುಳಿತಿವೆ ಎಂದು ಊಹಿಸುವುದು ಕಷ್ಟವಲ್ಲ. ಅಣ್ಣನಿಗೆ ಮನಸ್ಸಿನ ಬೇನೆಯೆಂದು ಊರಿಗೆ ತಿಳಿದರೆ ತಂಗಿಯ ನೆಂಟಸ್ತನ ತಪ್ಪೀತೆಂದು ಹೆದರುವ ತಾಯಿ ಗಣತಿದಾರನಿಗೆ ಏನು ಬರೆಸಿಯಾಳು?

ಈಗ ವಿಚಾರದ ಮೂಲಕ್ಕೆ ಬರೋಣ. "ನನಗೆ ಕಾಣಲಿಲ್ಲ, ಆದ್ದರಿಂದ ಇಲ್ಲ" ಎಂಬ ವಾದಕ್ಕೆ ತರ್ಕದಲ್ಲಿ ಎಷ್ಟು ಬೆಲೆಯಿದೆ? ನಮ್ಮ ದರ್ಶನಕಾರರು ಇದನ್ನು ಅನುಪಲಬ್ಧಿ ಎಂಬ ಹೆಸರಿನಲ್ಲಿ ಚರ್ಚಿಸಿದ್ದಾರೆ. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅದನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪಿದರು. ನೈಯಾಯಿಕರು ಪ್ರತ್ಯಕ್ಷಕ್ಕೆ ಸಹಾಯಕವೆಂದಷ್ಟೇ ಒಪ್ಪಿದರು. ಆದರೆ ಒಂದು ಕಟ್ಟಳೆಯಲ್ಲಿ ಇಬ್ಬರಿಗೂ ಭೇದವಿಲ್ಲ. ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತು ಕಾಣದೆ ಹೋದರೆ ಮಾತ್ರ ಅದು ಇಲ್ಲವೆಂದು ನಿರ್ಣಯಿಸಬಹುದು. ಬೆಳಕಿರುವ ಕೋಣೆಯ ನೆಲದ ಮೇಲೆ ಕೊಡ ಕಾಣದಿದ್ದರೆ ಕೊಡ ಇಲ್ಲ ಎನ್ನಿರಿ, ಒಪ್ಪೋಣ. ಪರರ ಎದೆಯೊಳಗಿನ ಭಯ ಕಾಣದಿದ್ದರೆ ಭಯ ಇಲ್ಲ ಎನ್ನುವುದು ಹೇಗೆ? ಅದು ಹೊರಗಣ್ಣಿಗೆ ಕಾಣುವ ಜಾತಿಯ ವಸ್ತುವೇ ಅಲ್ಲ. ಕಾಣತಕ್ಕುದಲ್ಲದ ವಸ್ತುವಿನ ವಿಷಯದಲ್ಲಿ ಕಾಣದಿರುವಿಕೆ ಏನನ್ನೂ ಸಾಧಿಸಲಾರದು. ಅಲ್ಲಿ ಉಳಿಯುವ ದಾರಿಗಳು ಎರಡೇ: ಅನುಭವಿಸಿದವನ ಮಾತು, ಆ ಮಾತನ್ನೂ ಅವನ ನಡೆಯನ್ನೂ ದೀರ್ಘಕಾಲ ಪರೀಕ್ಷಿಸಿ ನೋಡಿದ ಬಲ್ಲವರ ಮಾತು. ದಾರಿಯಲ್ಲಿ ಅರೆಗಳಿಗೆ ಕಂಡವನ ಅಭಿಪ್ರಾಯಕ್ಕೆ ಇಲ್ಲಿ ಎಡೆಯಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ರೈತರಿಗೆ ಈ ತರ್ಕವನ್ನು ಕಲಿಸಬೇಕಾಗಿಲ್ಲ. ಸವುಳು ಹತ್ತಿದ ಹೊಲ ಹಾದಿಹೋಕನ ಕಣ್ಣಿಗೆ ಎಲ್ಲ ಹೊಲಗಳಂತೆಯೇ ಸಮತಟ್ಟಾಗಿ, ತೇವವಾಗಿ ಕಾಣಿಸೀತು. ಬಿತ್ತಿದ ಕಾಳು ಏಕೆ ಮೊಳೆಯಲಿಲ್ಲ ಎಂಬುದು ಬಿತ್ತಿದವನಿಗೂ ಮಣ್ಣನ್ನು ಪರೀಕ್ಷೆ ಮಾಡಿದವನಿಗೂ ಮಾತ್ರ ಗೊತ್ತು. ಬದುವಿನ ಮೇಲೆ ನಿಂತು "ನೀರಿದೆ, ನೆಲವಿದೆ, ಸೋಮಾರಿ ಬೆಳೆಯಲಿಲ್ಲ" ಎಂದವನ ಮಾತನ್ನು ಯಾವ ರೈತನು ಸಹಿಸುವನು?

ಇನ್ನು ನಮ್ಮ ಆಚಾರದ ಕಡೆಗೆ ತಿರುಗೋಣ. ಇಷ್ಟಲಿಂಗವನ್ನು ನಾವು ಅಂಗದ ಮೇಲೆ ಧರಿಸುತ್ತೇವೆ. ಅದು ಕರಡಿಗೆಯೊಳಗೆ, ವಸ್ತ್ರದ ಮರೆಯಲ್ಲಿರುತ್ತದೆ. ದಾರಿಯಲ್ಲಿ ಎದುರಾದ ಅಪರಿಚಿತನು "ಅಂಗಿ ಬಿಚ್ಚು, ಲಿಂಗವಿದೆಯೋ ಇಲ್ಲವೋ ನೋಡಬೇಕು" ಎಂದರೆ ಭಕ್ತನ ಮನಸ್ಸು ಎಷ್ಟು ನೊಂದೀತು! ದೀಕ್ಷೆ ಕೊಟ್ಟ ಗುರು ಕೇಳಬಹುದು. ಕೇಳುವುದು ಅವನ ಹೊಣೆ. ಹಾದಿಯವನಿಗೆ ಆ ಹಕ್ಕಿಲ್ಲ. ಮರೆಯಲ್ಲಿರುವುದು ಇಲ್ಲದುದಲ್ಲ ಎಂಬುದನ್ನು ದಿನದಿನವೂ ಎದೆಯ ಮೇಲೆ ಹೊತ್ತು ತಿರುಗುವ ನಾವು, ಪರರ ಎದೆಯೊಳಗಿನ ನೋವಿಗೆ ಬೀದಿಯಲ್ಲಿ ಸಾಕ್ಷಿ ಕೇಳುವುದು ಉಚಿತವೇ?

"ಬುದ್ಧಿ, ಅನ್ಯಾಯವನ್ನು ಕಂಡು ಸುಮ್ಮನಿರುವುದು ಗಣಾಚಾರವಾದೀತೆ?" ಎಂದು ಕೇಳಬಹುದು. ಪ್ರಶ್ನೆ ಯೋಗ್ಯವಾದುದು. ಪಂಚಾಚಾರಗಳಲ್ಲಿ ಗಣಾಚಾರ ಒಂದು. ಅನ್ಯಾಯವನ್ನು ಎದುರಿಸುವುದು ಅದರ ಸ್ವರೂಪ. ಆದರೆ ಅದರ ಜೊತೆಯಲ್ಲಿಯೇ ಭೃತ್ಯಾಚಾರವೂ ಇದೆ. ಎಲ್ಲರಿಗಿಂತ ನಾನು ಕಿರಿಯನೆಂದು ನಡೆಯುವುದು ಅದರ ಸ್ವರೂಪ. ಭೃತ್ಯಾಚಾರವಿಲ್ಲದ ಗಣಾಚಾರ ಅಹಂಕಾರಕ್ಕೆ ತಿರುಗುವುದು ಸುಲಭ. ಅನ್ಯಾಯವೆಂದು ನಿಶ್ಚಯವಾದುದನ್ನು ಎದುರಿಸಿರಿ. ಸಂಶಯಕ್ಕೆ ಗಣಾಚಾರದ ವೇಷ ತೊಡಿಸಬೇಡಿರಿ.

ಸುಳ್ಳು ಹೇಳುವವರು ಇದ್ದಾರೆ ಎಂಬುದನ್ನು ನಾವು ಮರೆಯುತ್ತಿಲ್ಲ. ಅಂಗವೈಕಲ್ಯದ ಸುಳ್ಳು ಪ್ರಮಾಣಪತ್ರಗಳ ಸುದ್ದಿಯನ್ನು ನಾವೆಲ್ಲ ಓದುತ್ತೇವೆ. 2024ರಲ್ಲಿ ಐ.ಎ.ಎಸ್. ತರಬೇತಿಯಲ್ಲಿದ್ದ ಒಬ್ಬರ ಪ್ರಮಾಣಪತ್ರಗಳ ಕುರಿತು ದೇಶದಾದ್ಯಂತ ವಾದವೆದ್ದಿತು. 2016ರ ಕಾಯಿದೆಯ 91ನೆಯ ಕಲಮಿನಂತೆ, ವಿಕಲಚೇತನರಿಗೆ ಮೀಸಲಾದ ಸೌಲಭ್ಯವನ್ನು ಮೋಸದಿಂದ ಪಡೆದವರಿಗೆ ಎರಡು ವರ್ಷಗಳವರೆಗೆ ಸೆರೆಮನೆ, ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಆಗಬಹುದು. ಅಂದಮೇಲೆ ಸುಳ್ಳನ್ನು ಹಿಡಿಯಲು ವೈದ್ಯಾಧಿಕಾರಿಯಿದ್ದಾನೆ, ನ್ಯಾಯಾಲಯವಿದೆ. ಅವರ ಕೆಲಸವನ್ನು ಬಿಗಿಗೊಳಿಸಬೇಕೆಂದು ಒತ್ತಾಯಿಸುವುದು ಸರಿಯಾದ ಗಣಾಚಾರ. ಬಾಗಿಲಲ್ಲಿ ನಿಂತ ನಮ್ಮ ಸಂಶಯದಿಂದ ಸುಳ್ಳುಗಾರನು ಹಿಂದಿರುಗುವುದಿಲ್ಲ. ಅವನು ಮಾತಿನಲ್ಲಿ ಜಾಣ, ನಾಲ್ಕು ಮಾತು ಹೆಚ್ಚಾಗಿ ಆಡಿ ಒಳಗೆ ಹೋಗುವನು. ಹಿಂದಿರುಗುವವನು ಮಾತು ಕಟ್ಟಿಹೋದ ನಿಜವಾದ ರೋಗಿ. ಮೋಸಗಾರನಿಗೆ ದಾರಿ ಬಿಟ್ಟರೆ ನಾವು ಕಳೆದುಕೊಳ್ಳುವುದು ಒಂದು ವಾಹನ ನಿಲ್ಲುವಷ್ಟು ಜಾಗ. ರೋಗಿಯನ್ನು ತಡೆದರೆ ಕಳೆದುಹೋಗುವುದು ಒಬ್ಬ ಮನುಷ್ಯನು ಹೊರಗೆ ಬರುವ ಧೈರ್ಯ. ಎರಡು ತಪ್ಪುಗಳ ತೂಕ ಒಂದೇ ಅಲ್ಲ.

ಇಲ್ಲಿ ನಮ್ಮ ನೆಲದ ಶರಣದಂಪತಿಗಳು ನೆನಪಾಗುವರು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರು ಲಿಂಗಸುಗೂರು ತಾಲೂಕಿನ ಅಮರೇಶ್ವರದವರೆಂದು ಪರಂಪರೆ ಹೇಳುತ್ತದೆ. ಕಲ್ಯಾಣದ ಅಂಗಳಗಳಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕವಾಗಿತ್ತು. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದು ನಮಗೆ ಸಲ್ಲದೆಂದು ಲಕ್ಕಮ್ಮನವರು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಕಳುಹಿಸಿದರು. ಈ ಕಥೆಯಲ್ಲಿ ನಾವು ಗಮನಿಸದೆ ದಾಟಿಹೋಗುವ ಒಂದು ಸೂಕ್ಷ್ಮವಿದೆ. ಆ ತಾಯಿ ನೆರೆಮನೆಯವರ ಮಡಿಲನ್ನು ಬಿಚ್ಚಿಸಿ ಅಕ್ಕಿ ಎಣಿಸಲಿಲ್ಲ; ತನ್ನ ಮನೆಯ ಮಡಿಲನ್ನು ನೋಡಿದಳು. ಬೇಕಾದಷ್ಟೇ ತೆಗೆದುಕೊಳ್ಳಬೇಕೆಂಬ ನಿಷ್ಠುರ ತೆಗೆದುಕೊಳ್ಳುವವನದು. ನೋಡುವವನಿಗೆ ಸಲ್ಲುವುದು ಕರುಣೆ. ಈ ಎರಡು ಅದಲುಬದಲಾದಾಗ, ಎಂದರೆ ತನ್ನ ವಿಷಯದಲ್ಲಿ ಕರುಣೆಯೂ ಪರರ ವಿಷಯದಲ್ಲಿ ನಿಷ್ಠುರವೂ ಆದಾಗ, ಧರ್ಮ ಕೆಡುತ್ತದೆ.

ಆದುದರಿಂದ ಕಾಣದ ಬೇನೆಯವರಿಗೂ ನಾವು ಒಂದು ಮಾತು ಹೇಳಬೇಕಾಗಿದೆ. ನಿಮಗೆ ದೊರೆತ ಪರವಾನಿಗೆ ನಿಮ್ಮ ಆಸ್ತಿಯಲ್ಲ. ಅಗತ್ಯ ಬಿದ್ದಾಗ ಸ್ವೀಕರಿಸತಕ್ಕ ಪ್ರಸಾದ. ಮನಸ್ಸು ತಿಳಿಯಾಗಿ ನಡೆಯುವ ಶಕ್ತಿ ಬಂದ ದಿನ ಆ ಜಾಗವನ್ನು ಬಿಟ್ಟು ದೂರದಲ್ಲಿ ನಿಲ್ಲಿರಿ. ಅದು ಲಕ್ಕಮ್ಮನವರ ಅಕ್ಕಿ. ಮನೆಯ ಇತರರು ಅದೇ ಚೀಟಿಯನ್ನು ತೋರಿಸಿ ಒಳಗೆ ಬರುವುದಂತೂ ಸರ್ವಥಾ ಸಲ್ಲದು. ಇನ್ನೊಂದು ಮಾತು: ಆತಂಕದ ಕಾಯಿಲೆಯಲ್ಲಿ ಅಂಜಿದ ಎಡೆಯಿಂದ ದೂರವಾದಷ್ಟೂ ಅಂಜಿಕೆ ಬೆಳೆಯುತ್ತದೆ ಎಂದು ಮನೋವೈದ್ಯರು ಹೇಳುವರು. ಭಯವನ್ನು ಸ್ವಲ್ಪಸ್ವಲ್ಪವಾಗಿ ಎದುರಿಸುವ ಅಭ್ಯಾಸವೇ ಅದರ ಚಿಕಿತ್ಸೆಯ ಒಂದು ಭಾಗ. ಹಾಗಾದರೆ ಬಾಗಿಲವರೆಗೆ ವಾಹನ ಬಿಡುವುದು ರೋಗವನ್ನು ಪೋಷಿಸಿದಂತಲ್ಲವೇ ಎಂದರೆ, ಉತ್ತರ ಅವನನ್ನು ಅದು ಎಲ್ಲಿಗೆ ಒಯ್ಯುತ್ತದೆ ಎಂಬುದರ ಮೇಲೆ ನಿಂತಿದೆ. ಮನೆಯಲ್ಲಿ ಅಡಗಿದವನನ್ನು ಗದ್ದುಗೆಯವರೆಗೆ ಕರೆತರುವ ಸೌಲಭ್ಯ ಅವನನ್ನು ಲೋಕಕ್ಕೆ ಮರಳಿಸುವ ಮೊದಲ ಮೆಟ್ಟಿಲು. ಮುಂದಿನ ಮೆಟ್ಟಿಲು ಯಾವಾಗ ಎಂಬುದನ್ನು ಅವನೂ ಅವನ ವೈದ್ಯನೂ ನಿಶ್ಚಯಿಸಲಿ. ಗುಣವಾಗಬಲ್ಲ ವೈಕಲ್ಯಕ್ಕೆ ಅವಧಿ ನಿಗದಿಪಡಿಸಿ ತಾತ್ಕಾಲಿಕ ಪ್ರಮಾಣಪತ್ರ ಕೊಡುವ ಅವಕಾಶ ನಿಯಮಗಳಲ್ಲಿಯೇ ಇದೆ.

ಇನ್ನು ಉಳಿದುದು ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ. ಬಾಗಿಲ ಬಳಿ ಜಾಗವಿರುವುದು ಹತ್ತು ವಾಹನಗಳಿಗೆ. ಕಾಣದ ಬೇನೆಯವರು ಅದನ್ನು ತುಂಬಿದರೆ ಗಾಲಿಕುರ್ಚಿಯವರು ಎಲ್ಲಿಗೆ ಹೋಗಬೇಕು? ನಡೆಯಬಲ್ಲವನು ಕಷ್ಟಪಟ್ಟಾದರೂ ನಡೆದಾನು, ಗಾಲಿಕುರ್ಚಿಯವನು ಹೇಗೆ ನಡೆದಾನು? ಈ ಮಾತಿನಲ್ಲಿ ನ್ಯಾಯವಿದೆ. ಆದರೆ ಇಬ್ಬರ ಅಗತ್ಯವನ್ನು ಬಿಡಿಸಿ ನೋಡಿದರೆ ಜಗಳ ಅರ್ಧ ಕರಗುತ್ತದೆ. ಗಾಲಿಕುರ್ಚಿಯವನಿಗೆ ಜಾಗ ಹತ್ತಿರವೂ ಇರಬೇಕು, ಅಗಲವೂ ಇರಬೇಕು; ವಾಹನದ ಬಾಗಿಲನ್ನು ಪೂರ್ತಿ ತೆರೆದು ಕುರ್ಚಿಯನ್ನು ಇಳಿಸಬೇಕಾಗುವುದು. ಆತಂಕದ ರೋಗಿಗೆ ಅಗಲ ಬೇಡ, ಹತ್ತಿರವಿದ್ದರೆ ಸಾಕು. ಇಳಿಸಿದ ಮೇಲೆ ವಾಹನ ದೂರ ಹೋದರೂ ಎಷ್ಟೋ ಸಲ ತೊಂದರೆಯಿಲ್ಲ, ಮರಳುವಾಗ ತಡವಿಲ್ಲದೆ ಬಂದರಾಯಿತು. ಆದುದರಿಂದ ಅಗಲವಾದ ಜಾಗಗಳನ್ನು ಗಾಲಿಕುರ್ಚಿಯವರಿಗೇ ಗುರುತಿಸಿಟ್ಟು, ಅವುಗಳ ಆಚೆಗೆ ಇಳಿಸಿಹೋಗುವ ದಾರಿಯೊಂದನ್ನು ಉಳಿದವರಿಗೆ ಬಿಟ್ಟರೆ ಒಬ್ಬರದನ್ನು ಕಸಿದು ಇನ್ನೊಬ್ಬರಿಗೆ ಕೊಟ್ಟಂತಾಗದು. ಆಮೇಲೂ ಸಾಲದಿದ್ದರೆ ಗಣ್ಯರ ವಾಹನಗಳಿಗೆ ಮೀಸಲಿಟ್ಟ ಜಾಗವನ್ನು ನೋಡೋಣ. ದೇಹ ಮನಸ್ಸು ಎರಡೂ ಗಟ್ಟಿಯಿರುವವರು ಅಲ್ಲಿ ವಾಹನದಿಂದ ಇಳಿಯುವಾಗ "ನಡೆದು ಬರಲು ಏನಾಗಿದೆ" ಎಂದು ಯಾರೂ ಕೇಳುವುದಿಲ್ಲ. ಕೊರತೆಯ ಕಾರಣವನ್ನು ದುರ್ಬಲರ ನಡುವೆಯೇ ಹುಡುಕುವುದು ನಮಗೆ ರೂಢಿಯಾಗಿದೆ.

ನಮ್ಮ ಮಠಗಳು ಮಾಡಬಹುದಾದುದು ಇಷ್ಟು. ಜಾತ್ರೆಗೆ ಮುಂಚೆಯೇ ಮಠದ ಕಚೇರಿಯಲ್ಲಿ ಚೀಟಿ ಕೊಡುವ ಏರ್ಪಾಡಾಗಲಿ. ವೃದ್ಧರಿಗೆ, ಬಸುರಿಯರಿಗೆ, ಹೃದಯದ ಬೇನೆಯವರಿಗೆ, ವಿಕಲಚೇತನರಿಗೆ, ಮನಸ್ಸಿನ ಬೇನೆಯವರಿಗೆ ಒಂದೇ ಬಣ್ಣದ ಒಂದೇ ಚೀಟಿಯಿರಲಿ. ಕಾರಣವನ್ನು ಅದರ ಮೇಲೆ ಬರೆಯುವುದು ಬೇಡ. ಪ್ರಮಾಣಪತ್ರವನ್ನಾಗಲಿ ವೈದ್ಯರ ಚೀಟಿಯನ್ನಾಗಲಿ ಕಚೇರಿಯಲ್ಲಿ ಹೊಣೆಯುಳ್ಳ ಒಬ್ಬರು ನೋಡಿದರೆ ಸಾಕು. ಸರಕಾರದ ಗುರುತಿನ ಚೀಟಿಯನ್ನು ದ್ವಾರದಲ್ಲಿ ತೋರಿಸಿದವರ ವೈಕಲ್ಯವನ್ನು ಗಟ್ಟಿಯಾಗಿ ಓದದಂತೆ ಸ್ವಯಂಸೇವಕರಿಗೆ ತಿಳಿಹೇಳಬೇಕು. ಗದ್ದಲದ ಮಧ್ಯೆ ಉಸಿರು ಕಟ್ಟಿದವರು ಅರೆಗಳಿಗೆ ಕುಳಿತು ಸುಧಾರಿಸಿಕೊಳ್ಳಲು, ಧ್ವನಿವರ್ಧಕದಿಂದ ದೂರವಾದ ಒಂದು ಕೋಣೆಯಿದ್ದರೆ ಇನ್ನೂ ಒಳ್ಳೆಯದು. ಇಂಥ ಕೆಲಸಗಳು ನಮ್ಮ ಭಾಗಕ್ಕೆ ಹೊಸವೇನಲ್ಲ. 1980ರ ದಶಕದಲ್ಲಿ ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮನೋವೈದ್ಯವನ್ನು ಹಳ್ಳಿಗೆ ತಂದಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇಡೀ ದೇಶದಲ್ಲಿ ಅದೇ ಮಾದರಿಯಾಯಿತು. ಔಷಧವನ್ನು ಹಳ್ಳಿಗೆ ತಂದವರು ವೈದ್ಯರು. ಮರ್ಯಾದೆಯನ್ನು ತರಬೇಕಾದವರು ನಾವು.

ಈ ಮಠದಲ್ಲಿ ಓದಿ ಬೇರೆ ಬೇರೆ ಊರುಗಳಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳಲ್ಲಿ ಅಧಿಕಾರಿಗಳಿದ್ದೀರಿ, ವೈದ್ಯರಿದ್ದೀರಿ, ಶಿಕ್ಷಕರಿದ್ದೀರಿ, ಬಸ್ಸಿನ ನಿರ್ವಾಹಕರಿದ್ದೀರಿ. ವಿಕಲಚೇತನರಿಗೆ ಮೀಸಲಾದ ಆಸನದಲ್ಲಿ ಗಟ್ಟಿಮುಟ್ಟಾಗಿ ಕಾಣುವ ತರುಣನೊಬ್ಬನು ಚೀಟಿ ತೋರಿಸಿ ಕುಳಿತಾಗ ನಿಮ್ಮ ನಾಲಿಗೆಯ ತುದಿಗೆ ಪ್ರಶ್ನೆಯೊಂದು ಬಂದೇ ಬರುವುದು. ಆಗ ಒಂದು ಉಸಿರಿನಷ್ಟು ಕಾಲ ತಡೆದು, ಇವನ ಬೇನೆ ನನಗೆ ಕಾಣತಕ್ಕುದೇ ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ. ಕಾಣತಕ್ಕುದಲ್ಲವೆಂದು ತೋರಿದರೆ ಪ್ರಶ್ನೆಯನ್ನು ನುಂಗಿಕೊಂಡು ಸ್ವಲ್ಪ ಸರಿದು ಕುಳಿತುಕೊಳ್ಳಿರಿ. ಆ ಸರಿದುಕೊಟ್ಟ ಗೇಣು ಜಾಗವೂ ದಾಸೋಹವೇ.